ಸ್ಪ್ರಿಂಗ್ ತಕ್ಕಡಿ ಕೊಂಡರೆ ಜೋಡಿಯಾಗಿ ಕೊಳ್ಳಿ

ಸಂಜೆ ನಮ್ಮ ಮನೆಗೆ ಎಂಟು, ಒಂಬತ್ತನೇ ಕ್ಲಾಸಿನ ಆರು ಮಕ್ಕಳು ಟ್ಯೂಷನ್‌ಗೆ ಬರುತ್ತಾರೆ. ಬಲದ ಪಾಠ ಶುರುಮಾಡುವ ಮೊದಲು ಲ್ಯಾಬ್ ಸಾಮಾನಿನ ಅಂಗಡಿಯಿಂದ 10 ನ್ಯೂಟನ್‌ವರೆಗೆ (ಬಲವನ್ನು ಅಳೆಯುವ ಮಾನ ನ್ಯೂಟನ್) ತೋರಿಸುವ ಎರಡು ಸ್ಪ್ರಿಂಗ್ ತಕ್ಕಡಿ ತಂದೆ. ಒಂದಕ್ಕೆ 120 ರೂಪಾಯಿ. ಪ್ಲಾಸ್ಟಿಕ್ ಕೊಳವೆ, ಒಳಗೆ ಸ್ಪ್ರಿಂಗು, ಕೆಳಗೆ ಕೊಕ್ಕೆ.

ಒಂದು ಸಾಕಿತ್ತಲ್ಲ ಅಂದರು ಮನೆಯವರು. ಖಂಡಿತ ಸಾಲದು. ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ ಇಬ್ಬರು ಹುಡುಗರ ಕೈಗೆ ಕೊಟ್ಟೆ. ಜೋರಾಗಿ ಎಳೆದವನ ತಕ್ಕಡಿಯೇ ಜಾಸ್ತಿ ತೋರಿಸುತ್ತದೆ ಅಂತ ಎಲ್ಲರೂ ಹೇಳಿದರು. ಎಳೆದರು. ಇಲ್ಲೂ 6, ಅಲ್ಲೂ 6. ಒಬ್ಬನಿಗೆ ಸುಮ್ನೆ ಹಿಡಿದುಕೊಂಡು ನಿಲ್ಲು ಅಂದೆ. ಆಗಲೂ ಎರಡೂ ಸಮ. ಕೊನೆಗೆ ಒಂದನ್ನು ಕಿಟಕಿಯ ಸರಳಿಗೆ ಕಟ್ಟಿ ಎಳೆದರೂ ಅಷ್ಟೇ. "ಹಾಗಾದ್ರೆ ಕಿಟಕೀನೂ ಎಳೀತಿದೆಯಾ ಮಿಸ್?" ಅಂದಳು ಒಬ್ಬಳು. ನಾವು ಎಳೆದಷ್ಟೇ ಬಲದಿಂದ ಆ ಕಡೆಯದೂ ನಮ್ಮನ್ನು ಎಳೆಯುತ್ತದೆ ಅನ್ನುವ ನ್ಯೂಟನ್‌ನ ಮೂರನೇ ನಿಯಮವನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ.

ಘರ್ಷಣೆಗೂ ಚೆನ್ನಾಗಿದೆ. ಮರದ ಮಣೆಯ ಮೇಲೆ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಇಟ್ಟು ನೆಲದ ಮೇಲೆ ಎಳೆದೆವು. ಮಣೆ ಕದಲುವ ಹೊತ್ತಿಗೆ ಮುಳ್ಳು 6ರ ಹತ್ತಿರ, ಕದಲಿದ ಮೇಲೆ 5ಕ್ಕೆ ಇಳಿಯಿತು. ಅಡಿಗೆ ದುಂಡು ಪೆನ್ಸಿಲ್‌ಗಳನ್ನು ಇಟ್ಟಾಗ 1 ಕೂಡ ದಾಟಲಿಲ್ಲ.

ಕೊರತೆಗಳೂ ಇವೆ. ಗ್ರಾಂ ಕಡೆಯ 1000 ಮತ್ತು ನ್ಯೂಟನ್ ಕಡೆಯ 10, ಎರಡನ್ನೂ ಒಂದೇ ಸಾಲಿನಲ್ಲಿ ಅಚ್ಚು ಹಾಕಿದ್ದಾರೆ. ಒಂದು ಕೆಜಿಯ ತೂಕ 9.8 ನ್ಯೂಟನ್ ಅಲ್ವಾ? ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಇನ್ನೊಂದು, ನೇತುಹಾಕಿ ಸೊನ್ನೆಗೆ ತಂದ ಮುಳ್ಳು ಮಲಗಿಸಿದರೆ ಸ್ವಲ್ಪ ಹಿಂದೆ ಸರಿಯುತ್ತದೆ. ಕೊಕ್ಕೆಯ ಭಾರ ಆಗ ಸ್ಪ್ರಿಂಗಿನ ಮೇಲೆ ಇರುವುದಿಲ್ಲ. ಅಡ್ಡ ಎಳೆಯುವ ಮೊದಲು ಮೇಲಿನ ತಿರುಪು ತಿರುಗಿಸಿ ಮತ್ತೆ ಸೊನ್ನೆಗೆ ತನ್ನಿ.

ಇಟ್ಟಿಗೆಗೆ ಮಾತ್ರ ಇದು ಬೇಡ. ಮೂರು ಕೆಜಿ ಇಟ್ಟಿಗೆಯ ತೂಕ ಸುಮಾರು 30 ನ್ಯೂಟನ್. ನಾನು ಒಳಗೆ ಹಾಲು ಇಳಿಸಿ ಬರುವಷ್ಟರಲ್ಲಿ ಹುಡುಗನೊಬ್ಬ ಕೊಕ್ಕೆಗೆ ಇಟ್ಟಿಗೆ ನೇತುಹಾಕಿದ್ದ. ಸ್ಪ್ರಿಂಗು ಹಿಗ್ಗಿಹೋಯಿತು. ತಿರುಪಿನಿಂದ ಸೊನ್ನೆಗೆ ತಂದರೂ ಜೊತೆಯದರೊಂದಿಗೆ ತಾಳೆಯಾಗುತ್ತಿಲ್ಲ. ಶನಿವಾರ ಇಂಥದ್ದೇ ಇನ್ನೊಂದು ತರುತ್ತೇನೆ, ಇಟ್ಟಿಗೆಗೆ ಅಂತ 50 ನ್ಯೂಟನ್‌ದೂ ಒಂದು.