ಏಳು ವರ್ಷದ ಎಚ್‌ಡಿ 600: ಬದಲಾಯಿಸಬೇಕಿದ್ದದ್ದು ಬರೀ ಕುಶನ್

ಹೊಸ ಕುಶನ್ ಹಾಕಿ ಹೆಡ್‌ಫೋನ್ ಕಿವಿಗೇರಿಸಿದ ರಾತ್ರಿ ನಾನು ಹಾಡು ಕೇಳಲೇ ಇಲ್ಲ. ಹಾಡು ಶುರುವಾಗುವ ಮೊದಲು ಬರೀ ತಂಬೂರಿ ನುಡಿಯುವ ಒಂದು ನಿಮಿಷ ಇರುತ್ತದಲ್ಲ, ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೂತಿದ್ದೆ. ನಾಲ್ಕು ತಂತಿಗಳೂ ಬೇರೆ ಬೇರೆಯಾಗಿ ಕೇಳುತ್ತಿದ್ದವು. ಒಂದರ ಝೇಂಕಾರ ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬಂದು ಕೂರುತ್ತಿತ್ತು. ಹಾಡುವವರು ಗಂಟಲು ಸರಿಮಾಡಿಕೊಂಡ ಸಣ್ಣ ಸದ್ದು ಎಡಗಡೆ, ಸ್ವಲ್ಪ ಹಿಂದೆ ಕೇಳಿಸಿತು. ಈ ಸದ್ದನ್ನು ವರ್ಷಗಳ ಹಿಂದೆ ಇದೇ ಹೆಡ್‌ಫೋನ್‌ನಲ್ಲಿ ಕೇಳಿದ್ದೆ. ನಡುವೆ ಎಲ್ಲೋ ಅದು ಕಳೆದುಹೋಗಿತ್ತು. ಕಳೆದುಹೋಗಿದ್ದೇ ನನಗೆ ಗೊತ್ತಾಗಿರಲಿಲ್ಲ.

ನಾನು ಬಳಸುವುದು ಜರ್ಮನಿಯ ಸೆನ್‌ಹೈಸರ್ ಕಂಪನಿಯ ಎಚ್‌ಡಿ 600 ಹೆಡ್‌ಫೋನ್. ಏಳು ವರ್ಷವಾಯಿತು. ಮಾಡೆಲ್ ಬಂದಿದ್ದು 1997ರಲ್ಲಿ, ಅಂದರೆ ಇದೇನೂ ಹೊಸ ಸುದ್ದಿಯಲ್ಲ. ಇದರ ಓಮ್, ಹರ್ಟ್ಜ್ ಲೆಕ್ಕ, ಗ್ರಾಫು ಎಲ್ಲ ನೀವು ಆಗಲೇ ನೋಡಿರುತ್ತೀರಿ. ನಾನು ಹೇಳಬೇಕಾದದ್ದು ಬೇರೆ. ನನ್ನದು ದೊಡ್ಡ ಬಜೆಟ್ ಅಲ್ಲ. ವರ್ಷಕ್ಕೊಂದು ಹೆಡ್‌ಫೋನ್ ಬದಲಾಯಿಸುವವಳಲ್ಲ. ಒಂದು ಒಳ್ಳೆಯ ವಸ್ತು ತಗೊಂಡು ಹತ್ತು ವರ್ಷ ಇಟ್ಟುಕೊಳ್ಳಬೇಕು ಅನ್ನುವವಳು. ಕೇಳುವುದು ಮನೆಯಲ್ಲೇ, ರಾತ್ರಿ, ಒಂದೇ ಕುರ್ಚಿಯಲ್ಲಿ, ಸುಮಾರು ಒಂದು ಗಂಟೆ. ಈ ವಿಮರ್ಶೆ ಅಂಥ ಕಿವಿಯದು.

ಆ ಒಂದು ಗಂಟೆ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಮೊಬೈಲ್ ಪಕ್ಕದ ಕೋಣೆಗೆ ಹೋಗುತ್ತದೆ. ಫ್ಯಾನ್ ಆಫ್ ಆಗುತ್ತದೆ, ಸೆಕೆಯಿದ್ದರೂ ಸರಿ. ವಾಲ್ಯೂಮ್ ಪೂರ್ತಿ ಇಳಿಸಿ, ಆಮೇಲೆ ಹೆಡ್‌ಫೋನ್ ಹಾಕಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತೇನೆ. ಕನ್ನಡಕ ತೆಗೆಯುವುದು ಅಭ್ಯಾಸ ಮಾತ್ರವಲ್ಲ. ಅದರ ಕಡ್ಡಿ ಕುಶನ್‌ಗೂ ಕೆನ್ನೆಗೂ ನಡುವೆ ಸಂದು ಮಾಡುತ್ತದೆ, ಆ ಸಂದಿನಿಂದ ಮೊದಲು ಸೋರಿಹೋಗುವುದು ಬೇಸ್, ಅಂದರೆ ತಗ್ಗಿನ ಸದ್ದು. ಆಮೇಲೆ ನಾಬ್ ನಿಧಾನವಾಗಿ ತಿರುಗಿಸುತ್ತಾ ಹೋಗುತ್ತೇನೆ. ಹಾಡುವವರು ಎದುರಿಗೆ ಕೂತಿದ್ದಾರೆ ಅನಿಸುವ ಒಂದು ಜಾಗ ಬರುತ್ತದೆ. ಅಲ್ಲಿಗೆ ನಿಲ್ಲಿಸುತ್ತೇನೆ.

ಈ ಹೆಡ್‌ಫೋನ್ ಓಪನ್ ಬ್ಯಾಕ್. ಹಿಂಬದಿ ಮುಚ್ಚಿಲ್ಲ, ಬರೀ ಲೋಹದ ಜಾಲರಿ. ಒಳಗಿನ ಸದ್ದು ಹೊರಗೂ ಹೋಗುತ್ತದೆ, ಹೊರಗಿನ ಸದ್ದು ಒಳಗೂ ಬರುತ್ತದೆ. ಮುಚ್ಚಿದ ಹೆಡ್‌ಫೋನ್‌ನಲ್ಲಿ ಸದ್ದು ತಲೆಯೊಳಗೇ ಸುತ್ತಿದ ಹಾಗಿರುತ್ತದೆ, ಇದರಲ್ಲಿ ಸ್ವಲ್ಪ ಗಾಳಿ ಆಡುತ್ತದೆ. ಇಂಥ ಓಪನ್ ಹೆಡ್‌ಫೋನ್ ಮೊದಲು ಮಾರುಕಟ್ಟೆಗೆ ತಂದಿದ್ದೂ ಇದೇ ಕಂಪನಿ, 1968ರಲ್ಲಿ, ಎಚ್‌ಡಿ 414. ಅದರ ಹಳದಿ ಸ್ಪಂಜಿನ ಕುಶನ್ ಎಷ್ಟು ಪ್ರಸಿದ್ಧ ಅಂದರೆ, ಹೆಡ್‌ಫೋನ್ ನೋಡದವರೂ ಆ ಹಳದಿ ನೋಡಿರುತ್ತಾರೆ. ಆ ಚಿತ್ರ ನಾನೂ ಎಷ್ಟೋ ಸಲ ನೋಡಿದ್ದೆ. ಕುಶನ್ ಕಡೆ ಗಮನ ಕೊಡಬೇಕು ಅಂತ ಮಾತ್ರ ಹೊಳೆದಿರಲಿಲ್ಲ.

ಮೊದಲ ಮೂರು ವರ್ಷ ನಾನು ಏನೂ ಹುಡುಕಲಿಲ್ಲ. ಹೊಸತರಲ್ಲಿ ತಲೆಗೆ ಬಿಗಿಯಾಗಿ ಹಿಡಿಯುತ್ತಿತ್ತು. ಕೆಲವು ರಾತ್ರಿ ಪುಸ್ತಕಗಳ ಕಟ್ಟಿಗೆ ತೊಡಿಸಿಟ್ಟೆ, ಸಡಿಲವಾಯಿತು. ಅಷ್ಟೇ. ದನಿ ಇದರಲ್ಲಿ ಎಷ್ಟು ಸಹಜವಾಗಿ ಬರುತ್ತದೆ ಅಂದರೆ, ಹಾಡುವವರು ಉಸಿರು ಎಳೆದುಕೊಳ್ಳುವ ಜಾಗಗಳು ನನಗೆ ಬಾಯಿಪಾಠವಾಗಿಬಿಟ್ಟಿದ್ದವು.

ನಾಲ್ಕನೇ ವರ್ಷದ ಹೊತ್ತಿಗೆ ಏನೋ ಮಂಕಾಯಿತು. ಏನು ಅಂತ ಹೇಳಲು ಬರುತ್ತಿರಲಿಲ್ಲ. ದನಿ ಹತ್ತಿರ ಬಂದಿತ್ತು, ಆದರೆ ದಪ್ಪವಾಗಿತ್ತು. ವಾದ್ಯಗಳೆಲ್ಲ ಒಂದರ ಹೆಗಲ ಮೇಲೊಂದು ಕೂತ ಹಾಗೆ. ಮೊದಲು ನಾನು ರೆಕಾರ್ಡಿಂಗ್‌ಗಳನ್ನು ದೂರಿದೆ. ಆಮೇಲೆ ನನ್ನ ಕಿವಿಯನ್ನು. ಕೊನೆಗೆ, ಎಲ್ಲರೂ ಓದುವುದನ್ನೇ ನಾನೂ ಓದಿದೆ: 300 ಓಮ್ ಹೆಡ್‌ಫೋನ್‌ಗೆ (ಓಮ್ ಅಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಸರಿಯಾದ ಆಂಪ್ಲಿಫೈಯರ್, ಅಂದರೆ ಸಿಗ್ನಲ್‌ಗೆ ಬಲ ಕೊಡುವ ಪೆಟ್ಟಿಗೆ, ಇಲ್ಲದಿದ್ದರೆ ಅದು ಬಾಯಿ ಬಿಡುವುದಿಲ್ಲ.

ಹಣ ಕೂಡಿಸಿ ಒಂದು ಆಂಪ್ ತಗೊಂಡೆ. ಯಾವುದು ಅಂತ ಹೇಳುವುದಿಲ್ಲ. ಹೆಡ್‌ಫೋನ್‌ಗೆ ಕೊಟ್ಟಷ್ಟೇ ಹಣ ಅದಕ್ಕೂ ಹೋಯಿತು. ಮೊದಲ ದಿನ ಬಹಳ ಚೆನ್ನಾಗಿ ಕೇಳಿಸಿತು. ಎರಡನೇ ದಿನ ಒಂದು ಗುಂಯ್ ಅನ್ನುವ ಸದ್ದು ಗಮನಕ್ಕೆ ಬಂತು. ಹಾಡು ನಿಂತಾಗ, ತಂಬೂರಿ ಮೆಲ್ಲಗಾದಾಗ, ಅದು ಹಿಂದಿನಿಂದ ಇಣುಕುತ್ತಿತ್ತು. ಮಾರಿದವರಿಗೆ ಫೋನ್ ಮಾಡಿದರೆ ‘ಹೆಡ್‌ಫೋನ್ ಚೆಕ್ ಮಾಡಿ ಮೇಡಂ’ ಅಂದರು. ಮೂರು ವಾರ ಕೇಬಲ್ ಬದಲಾಯಿಸಿದೆ, ಸಾಕೆಟ್ ಬದಲಾಯಿಸಿದೆ. ಒಂದು ರಾತ್ರಿ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ತಕ್ಷಣ ಸದ್ದು ನಿಂತುಹೋಯಿತು. ಚಾರ್ಜರ್‌ನ ಅರ್ಥಿಂಗ್, ಆಂಪ್‌ನ ಅರ್ಥಿಂಗ್, ನಡುವೆ ಯುಎಸ್‌ಬಿ ವೈರ್, ಮೂರೂ ಸೇರಿ ಒಂದು ಸುತ್ತು ಆಗಿಬಿಟ್ಟಿತ್ತು. ಗ್ರೌಂಡ್ ಲೂಪ್ ಅನ್ನುತ್ತಾರೆ. ಅಂದಿನಿಂದ ಲ್ಯಾಪ್‌ಟಾಪ್ ಬ್ಯಾಟರಿ ಮೇಲೇ ಹಾಡು ಕೇಳಿದೆ. ಇಷ್ಟು ಹಣ ಕೊಟ್ಟ ಮೇಲೂ ಚಾರ್ಜರ್ ಕಿತ್ತು ಹಾಡು ಕೇಳಬೇಕೇ? ನನಗೆ ನಿಜವಾಗಲೂ ಸಿಟ್ಟು ಬಂದಿತ್ತು.

ಗುಂಯ್ ಹೋಯಿತು. ಮಂಕು ಮಾತ್ರ ಹಾಗೇ ಇತ್ತು. ಮೊದಲ ದಿನ ಚೆನ್ನಾಗಿ ಕೇಳಿಸಿದ್ದು ಯಾಕೆ ಹಾಗಾದರೆ? ಇದು ತಲೆ ಕೊರೆಯಲು ಶುರುವಾಯಿತು. ತಂಗಿಯನ್ನು ಕೂರಿಸಿಕೊಂಡು ಒಂದು ಪರೀಕ್ಷೆ ಮಾಡಿದೆ. ಮೊದಲು 60 ಹರ್ಟ್ಜ್‌ನ ಒಂದೇ ಸಮನೆ ಸದ್ದು ಹಾಕಿ, ಮಲ್ಟಿಮೀಟರ್ ಹಿಡಿದು, ಆಂಪ್‌ಗೆ ಮೊದಲು ಹೆಡ್‌ಫೋನ್ ಸಿಗಿಸುತ್ತಿದ್ದ ಹಳೆಯ ಪುಟ್ಟ ಯುಎಸ್‌ಬಿ ಡಾಂಗಲ್‌ನಿಂದಲೂ ಆಂಪ್‌ನಿಂದಲೂ ಒಂದೇ ವೋಲ್ಟೇಜ್ ಬರುವ ಹಾಗೆ ಮಾಡಿಕೊಂಡೆ. ಇದು ಮಾಡದಿದ್ದರೆ ಪರೀಕ್ಷೆಗೆ ಅರ್ಥವೇ ಇಲ್ಲ. ಒಂದರ ಸದ್ದು ಒಂದೇ ಒಂದು ಡೆಸಿಬೆಲ್ ಜಾಸ್ತಿಯಿದ್ದರೂ ಕಿವಿ ಅದನ್ನು ‘ಜೋರಾಗಿದೆ’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ. ಆಮೇಲೆ ನಾನು ಕಣ್ಣು ಮುಚ್ಚಿ ಗೋಡೆ ಕಡೆ ತಿರುಗಿ ಕೂತೆ, ಅವಳು ಪ್ಲಗ್ ಬದಲಾಯಿಸುತ್ತಾ ಹೋದಳು. ಹನ್ನೆರಡು ಸಲ. ನಾನು ಸರಿ ಹೇಳಿದ್ದು ಏಳು. ನಾಣ್ಯ ಚಿಮ್ಮಿದರೂ ಆರು ಬರುತ್ತಿತ್ತು.

‘ಅಕ್ಕಾ, ಎರಡೂ ಒಂದೇ ಥರ ಇದೆ ಕಣೇ,’ ಅಂದಳು ಅವಳು, ತಾನೂ ಒಂದು ಸುತ್ತು ಕೇಳಿ. ‘ಆದ್ರೆ ನನ್ ಕಿವಿ ಒಳಗಡೆ ಏನಕ್ಕೋ ತಾಗ್ತಿದೆ.’

ಆ ಮಾತು ಆಗ ನನ್ನ ಕಿವಿಗೆ ಬೀಳಲಿಲ್ಲ. ಡಾಂಗಲ್ ಸಾಕಾಗಿತ್ತು ಅನ್ನುವ ಸಂಕಟದಲ್ಲೇ ಇದ್ದೆ. ಲೆಕ್ಕ ಮೊದಲೇ ಹಾಕಬಹುದಿತ್ತು. ಒಂದು ವೋಲ್ಟ್ ಕೊಟ್ಟರೆ 300 ಓಮ್‌ಗೆ ಹೋಗುವುದು ಬರೀ 3.3 ಮಿಲಿವ್ಯಾಟ್. ಅಷ್ಟಕ್ಕೇ ಈ ಹೆಡ್‌ಫೋನ್ ತೊಂಬತ್ತು ಡೆಸಿಬೆಲ್ ದಾಟಿಬಿಡುತ್ತದೆ, ಅಂದರೆ ನಾನು ಕೇಳುವುದಕ್ಕಿಂತ ಎಷ್ಟೋ ಜೋರು. ಮೆಲ್ಲಗೆ ರೆಕಾರ್ಡ್ ಆದ ಹಳೆಯ ಕಛೇರಿಗಳನ್ನು ಜೋರಾಗಿ ಕೇಳುವವರಿಗೆ ಆಂಪ್ ಬೇಕಾಗಬಹುದು. ನನಗೆ ಬೇಕಿರಲಿಲ್ಲ.

ಉತ್ತರ ಸಿಕ್ಕಿದ್ದು ಹೆಡ್‌ಫೋನ್ ಒರೆಸುವಾಗ. ಕುಶನ್ ಕಳಚೋಣ ಅಂತ ಅಂಚಿಗೆ ಬೆರಳು ಹಾಕಿ ಎಳೆದೆ, ಟಕ್ ಟಕ್ ಅಂತ ಒಂದೊಂದೇ ಹಿಡಿ ಬಿಟ್ಟುಕೊಂಡು ಈಚೆ ಬಂತು. ಕೈಯಲ್ಲಿ ಹಿಡಿದು ನೋಡಿದರೆ ಅದು ಕುಶನ್ ಅಲ್ಲ, ಚಪ್ಪಟೆ ಬಟ್ಟೆ. ನಾಲ್ಕು ವರ್ಷದ ಬೆವರು, ತಲೆಯ ಎಣ್ಣೆ, ಕೆನ್ನೆಯ ಒತ್ತಡ ಎಲ್ಲ ಸೇರಿ ಸ್ಪಂಜು ಸತ್ತುಹೋಗಿತ್ತು. ಕಿವಿಯ ಕೆಳಗೆ, ದವಡೆ ಶುರುವಾಗುವ ಕಡೆ, ವೆಲ್ವೆಟ್ ಸವೆದು ಹೊಳೆಯುತ್ತಿತ್ತು. ಬೆರಳಿಂದ ಒತ್ತಿದರೆ ಒತ್ತಿದ್ದು ಒತ್ತಿದ ಹಾಗೇ ಉಳಿಯಿತು. ಸದ್ದು ಹೊರಡಿಸುವ ಭಾಗವಾದ ಡ್ರೈವರ್ ಮೇಲಿನ ತೆಳು ಸ್ಪಂಜಿನ ಮೇಲೆ ನನ್ನ ಕಿವಿಯ ಅಂಚಿನ ಗುರುತು ಬಿದ್ದಿತ್ತು, ಒದ್ದೆ ಮರಳಿನ ಮೇಲೆ ಹೆಜ್ಜೆ ಬಿದ್ದ ಹಾಗೆ. ತಂಗಿ ಹೇಳಿದ್ದು ಇದನ್ನೇ.

ಇದು ಯಾರ ತಪ್ಪೂ ಅಲ್ಲ. ಸ್ಪಂಜು ಅಂದಮೇಲೆ ಕುಸಿಯುತ್ತದೆ. ಆದರೆ ಕುಶನ್ ಅಂದರೆ ಕಿವಿಗೆ ಮೆತ್ತಗಿರಲಿ ಅಂತ ಇಟ್ಟ ದಿಂಬು ಅಂದುಕೊಂಡಿದ್ದೆ ನೋಡಿ, ಅದು ತಪ್ಪು. ಕಿವಿಗೂ ಡ್ರೈವರ್‌ಗೂ ನಡುವಿನ ದೂರ ಅಳೆದು ಹಿಡಿಯುವುದೇ ಅದು. ಆ ಪುಟ್ಟ ಜಾಗದ ಅಳತೆ, ಬಟ್ಟೆಯಲ್ಲಿ ಎಷ್ಟು ಗಾಳಿ ಆಡುತ್ತದೆ, ಅಂಚು ಕೆನ್ನೆಗೆ ಎಷ್ಟು ಕೂರುತ್ತದೆ, ಎಲ್ಲವೂ ಸದ್ದಿನ ಭಾಗವೇ. ಕುಶನ್ ಕುಸಿದರೆ ನಿಮ್ಮ ಕಿವಿಯಲ್ಲಿರುವುದು ಬೇರೆಯೇ ಹೆಡ್‌ಫೋನ್. ದಿನಕ್ಕೆ ಕೂದಲೆಳೆಯಷ್ಟು ಬದಲಾಗುವುದರಿಂದ ಗೊತ್ತೇ ಆಗುವುದಿಲ್ಲ.

ಇಷ್ಟು ತಿಳಿದ ಮೇಲೂ ಮತ್ತೊಂದು ಎಡವಟ್ಟಾಯಿತು. ಮೂಲ ಕುಶನ್‌ಗೆ ಹೆಡ್‌ಫೋನ್ ಹಣದ ಒಂದು ಒಳ್ಳೆಯ ಪಾಲೇ ಕೊಡಬೇಕು. ಅದರ ಕಾಲು ಭಾಗಕ್ಕೆ ಬೇರೆಯವರ ಲೆದರ್ ಕುಶನ್ ಸಿಗುತ್ತಿತ್ತು, ‘ಇದೇ ಮಾಡೆಲ್‌ಗೆ’ ಅಂತ ಬರೆದಿತ್ತು, ತರಿಸಿದೆ. ನೋಡಲು ಚೆಂದ, ಮುಟ್ಟಲು ಮೆತ್ತಗೆ. ಹಾಕಿ ಕೇಳಿದರೆ ತಬಲಾದ ಬಾಯಾ ಡ್ರಮ್ಮಿನ ಹಾಗೆ ಗುಡುಗಿತು, ಹಾಡುವವರು ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತರು. ಲೆದರ್ ಗಾಳಿ ಬಿಡುವುದಿಲ್ಲ, ದಪ್ಪವೂ ಬೇರೆ. ಅರ್ಧ ಗಂಟೆಗೆ ಕಿವಿ ಬೆವರಿ ಅಂಟಂಟು. ಆರು ತಿಂಗಳಿಗೆ ಹೊಲಿಗೆಯ ಪಕ್ಕ ಸಿಪ್ಪೆ ಏಳತೊಡಗಿತು, ಕೆನ್ನೆಗೆ ಕಪ್ಪು ಚೂರು ಮೆತ್ತಿಕೊಳ್ಳುತ್ತಿತ್ತು. ಆ ತಿಂಗಳುಗಳಲ್ಲಿ ಈ ಹೆಡ್‌ಫೋನನ್ನೇ ಮಾರಿಬಿಡೋಣ ಅನಿಸಿತ್ತು. ಫೋಟೋ ಕೂಡ ತೆಗೆದಿದ್ದೆ.

ಮಾರುವ ಮುಂಚೆ ಒಂದು ಸಲ ಮೂಲ ಕುಶನ್ ಹಾಕಿ ನೋಡೋಣ ಅಂತ ತರಿಸಿದೆ. ಅಂಚು ಕೂರಿಸಿ ಸುತ್ತ ಒತ್ತಿದೆ, ಟಕ್ ಅಂದಿತು. ಮಿಕ್ಕಿದ್ದು ಮೊದಲೇ ಹೇಳಿದ್ದೇನೆ. ಆ ರಾತ್ರಿ ತಂಬೂರಿ ಕೇಳುತ್ತಾ ಕೂತಾಗ ಕಣ್ಣು ತುಂಬಿ ಬಂತು, ಹೇಳಲು ಸಂಕೋಚವೇನಿಲ್ಲ. ಫೋಟೋಗಳನ್ನು ಅಳಿಸಿಬಿಟ್ಟೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಆಗಲೇ ಗೊತ್ತಾಗಿದ್ದು. ಕುಶನ್ ಮಾತ್ರವಲ್ಲ, ಕೇಬಲ್, ತಲೆಪಟ್ಟಿಯ ಸ್ಪಂಜು, ಜಾಲರಿ, ಡ್ರೈವರ್ ಕೂಡ ಬಿಡಿಯಾಗಿ ತೆಗೆದು ಹಾಕಬಹುದು. ನನ್ನ ಬ್ಲೂಟೂತ್ ಹೆಡ್‌ಫೋನ್ ಬ್ಯಾಟರಿ ಸತ್ತ ದಿನವೇ ಕಸವಾಯಿತು, ಅದರ ಡ್ರೈವರ್‌ಗೆ ಏನೂ ಆಗಿರಲಿಲ್ಲ. ಇದು ಹಾಗಲ್ಲ.

ಈಗ ತೊಳೆಯುತ್ತೇನೆ ಕೂಡ. ಎರಡು ತಿಂಗಳಿಗೊಮ್ಮೆ ಕುಶನ್ ಕಳಚಿ, ಉಗುರು ಬೆಚ್ಚಗಿನ ನೀರಿಗೆ ಒಂದೆರಡು ಹನಿ ಸೋಪು ಹಾಕಿ ಅದ್ದುತ್ತೇನೆ. ಹಿಂಡುವುದಿಲ್ಲ, ಎರಡು ಟವೆಲ್ ನಡುವೆ ಇಟ್ಟು ಒತ್ತುತ್ತೇನೆ. ಒಂದು ಪೂರ್ತಿ ದಿನ ನೆರಳಲ್ಲಿ ಒಣಗುತ್ತದೆ. ಆ ರಾತ್ರಿ ಹಾಡಿಲ್ಲ. ಮೇಜಿನ ಮೇಲೆ ಎರಡು ಬೂದು ಬಣ್ಣದ ಉಂಗುರಗಳು ಉಬ್ಬಿಕೊಂಡು ಒಣಗುವುದನ್ನು ನೋಡಿದರೆ ಖುಷಿಯಾಗುತ್ತದೆ.

ಕೊಳ್ಳುವವರಿಗೆ ಎರಡು ಮಾತು. ಪಕ್ಕದಲ್ಲಿ ಯಾರಾದರೂ ಮಲಗಿರುತ್ತಾರೆ ಅಂದರೆ ಓಪನ್ ಬ್ಯಾಕ್ ಬೇಡ. ನನ್ನ ತಂಗಿ ಪಕ್ಕದಲ್ಲಿ ಓದುತ್ತಿದ್ದರೆ ನಾನು ಯಾವ ರಾಗ ಕೇಳುತ್ತಿದ್ದೇನೆ ಅಂತ ಹೇಳಿಬಿಡುತ್ತಾಳೆ. ಬಸ್ಸು, ರೈಲಿಗೂ ಇದು ಆಗುವುದಿಲ್ಲ. ಎದೆ ನಡುಗುವ ಬೇಸ್ ಬೇಕೆನ್ನುವವರಿಗೆ ಈ ಜಾತಿಯ ಹೆಡ್‌ಫೋನ್ ಅಷ್ಟಾಗಿ ಹಿಡಿಸಲಿಕ್ಕಿಲ್ಲ.

ಬೇಸ್ ವಿಷಯದಲ್ಲಿ ಇನ್ನೊಂದು ಇದೆ. ಮೆಲ್ಲಗೆ ಕೇಳಿದಾಗ ಬೇಸ್ ಕಡಿಮೆ ಅನಿಸುವುದು ಹೆಡ್‌ಫೋನಿನ ದೋಷವಲ್ಲ, ಕಿವಿ ಇರುವುದೇ ಹಾಗೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಅದಕ್ಕಾಗಿ ವಾಲ್ಯೂಮ್ ಏರಿಸುವ ಬದಲು ಈಕ್ವಲೈಸರ್‌ನಲ್ಲಿ ಕೆಳಗಿನ ಸ್ವರಗಳನ್ನು ಮೂರು ಡೆಸಿಬೆಲ್ ಎತ್ತಿಕೊಳ್ಳಿ. ಜೊತೆಗೆ ಅದರಲ್ಲೇ ಇರುವ ಪ್ರಿ-ಆಂಪ್, ಅಂದರೆ ಒಟ್ಟು ಸದ್ದಿನ ಮಟ್ಟ, ಮೂರು ಡೆಸಿಬೆಲ್ ಇಳಿಸಿ, ಇಲ್ಲದಿದ್ದರೆ ಸದ್ದು ಒಡೆಯುತ್ತದೆ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ದಾಟಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಡ್‌ಫೋನಿಗೆ ಬಿಡಿಭಾಗ ಸಿಗುತ್ತದೆ, ಕಿವಿಗೆ ಸಿಗುವುದಿಲ್ಲ.

ಅಪ್‌ಗ್ರೇಡ್ ಆಸೆ ಹೋಗಿದೆಯೇ ಅಂದರೆ, ಪೂರ್ತಿ ಇಲ್ಲ. ಗೆಳತಿಯೊಬ್ಬಳ ಪ್ಲೇನಾರ್ ಹೆಡ್‌ಫೋನ್, ಅಂದರೆ ಚಪ್ಪಟೆ ಪೊರೆಯ ಡ್ರೈವರ್ ಇರುವಂಥದ್ದು, ಒಂದು ಸಂಜೆ ಕೇಳಿದೆ. ಅದರ ಬೇಸ್ ತಳದವರೆಗೂ ಇಳಿಯುತ್ತದೆ, ನಿಜಕ್ಕೂ ಅದ್ಭುತ. ಆದರೆ ತೂಕಕ್ಕೆ ಒಂದು ಗಂಟೆಯಲ್ಲಿ ಕುತ್ತಿಗೆ ಹಿಡಿಯಿತು. ಮನೆಗೆ ಬಂದು ನನ್ನದನ್ನು ಹಾಕಿಕೊಂಡೆ. ಹಾಡುವವರು ಅದೇ ದೂರದಲ್ಲಿ ಕೂತಿದ್ದರು.

ಆಂಪ್ ಮಾರಿ ಬಂದ ಹಣದಲ್ಲಿ ಇನ್ನೊಂದು ಜೊತೆ ಕುಶನ್ ತರಿಸಿಟ್ಟಿದ್ದೇನೆ. ಈಗ ಹಾಕಿರುವುದರ ಹಿಂಬದಿಯ ಪ್ಲಾಸ್ಟಿಕ್ ಅಂಚಿಗೆ ಸಣ್ಣ ಟೇಪ್ ಅಂಟಿಸಿ ತಾರೀಕು ಬರೆದಿದ್ದೇನೆ. ಎರಡು ವರ್ಷ ದಾಟಿತು. ಎಡಗಡೆಯದು ಕೆಳಗೆ ಸ್ವಲ್ಪ ಮೆತ್ತಗಾಗುತ್ತಾ ಬಂದಿದೆ. ಗಂಟಲು ಸರಿಮಾಡಿಕೊಳ್ಳುವ ಆ ಸದ್ದು ಮಾತ್ರ ಇನ್ನೂ ಇದೆ. ಪ್ರತಿ ಭಾನುವಾರ ಮೊದಲು ಅದನ್ನೇ ಹಾಕಿ ನೋಡುತ್ತೇನೆ.