ಟವರ್‌ಗೆ ಹಾಕಿದ ಔಟ್‌ಡೋರ್ ಈಥರ್‌ನೆಟ್ ಕೇಬಲ್: ಮಲೆನಾಡಿನ ಮಳೆಯಲ್ಲಿ ಹೇಗೆ ಬಾಳಿತು?

2019ರ ಬೇಸಿಗೆಯಲ್ಲಿ ಹಾಕಿದ ಕೇಬಲ್ ಇದು. ಸಾಗರ, ಹೊಸನಗರ ಕಡೆಯ ಅಡಿಕೆ ತೋಟದ ಊರುಗಳಿಗೆ ವೈರ್‌ಲೆಸ್ ಇಂಟರ್ನೆಟ್ ಕೊಡುವುದು ನನ್ನ ಕೆಲಸ. ಗುಡ್ಡದ ಮೇಲೊಂದು ಟವರ್, ಅಲ್ಲಿಂದ 5 ಗಿಗಾಹರ್ಟ್ಸ್ ರೇಡಿಯೊ (ಇಂಟರ್ನೆಟ್ ಸಿಗ್ನಲ್ ಕಳಿಸುವ ಯಂತ್ರ), ಎದುರಿನ ಮನೆಗಳ ಮೇಲೆ ಜಿಐ ಪೈಪಿಗೆ ಕಟ್ಟಿದ ಸಣ್ಣ ಡಿಶ್. 2018ರ ಅಕ್ಟೋಬರ್‌ನಲ್ಲಿ ಈ ಬ್ಯಾಂಡ್‌ನ 605 ಮೆಗಾಹರ್ಟ್ಸ್‌ಗೆ ಸ್ಪೆಕ್ಟ್ರಮ್ ಲೈಸೆನ್ಸ್ ಬೇಡ ಎಂದಾದ ಮೇಲೆ ನಮ್ಮಂಥವರ ಕೆಲಸ ಸುಲಭವಾಯಿತು. ಯಾವ ರೇಡಿಯೊ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಆ ರೇಡಿಯೊಗೆ ಕರೆಂಟು, ಡೇಟಾ ಎರಡನ್ನೂ ಮೇಲಕ್ಕೆ ಒಯ್ಯುವ ಕೇಬಲ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ಹತ್ತಿರ ಇರುವುದು ಕ್ಯಾಟ್ 5ಇ ದರ್ಜೆಯ ಈಥರ್‌ನೆಟ್ ಕೇಬಲ್, 24 ಗೇಜ್ ದಪ್ಪದ ಶುದ್ಧ ತಾಮ್ರ. ಒಳಗೆ ನಾಲ್ಕು ಜೋಡಿ ವೈರ್, ಅದರ ಸುತ್ತ ಅಲ್ಯುಮಿನಿಯಂ ಫಾಯಿಲ್, ಫಾಯಿಲ್‌ಗೆ ತಾಗಿಕೊಂಡು ಒಂದು ಬರಿ ತಂತಿ, ಹೊರಗೆ ಕಪ್ಪು ಪಾಲಿಥಿನ್ ಹೊದಿಕೆ. 305 ಮೀಟರ್ ಡಬ್ಬ. ಬ್ರಾಂಡ್ ಹೆಸರು ಬರೆಯುತ್ತಿಲ್ಲ. ಇದೇ ಗುಣ ಇರುವ ಬೇರೆ ಕಂಪನಿಯ ಕೇಬಲ್ ಕೂಡ ಇಷ್ಟೇ ಬಾಳುತ್ತದೆ. ಡಬ್ಬದ ಮೇಲಿನ ಹೆಸರಿಗಿಂತ ಒಳಗಿನ ಲೋಹ ನೋಡಿ.

ಯಾಕೆಂದರೆ ಮೋಸ ನಡೆಯುವುದೇ ಅಲ್ಲಿ. ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುವ 'ಔಟ್‌ಡೋರ್' ಕೇಬಲ್ ಎಷ್ಟೋ ಸಲ ಸಿಸಿಎ ಆಗಿರುತ್ತದೆ. ಅಂದರೆ ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ. ಸಿಸಿಟಿವಿ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಬ್ಲೇಡಿನಿಂದ ತಂತಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಡಬ್ಬ ಎತ್ತಿ ನೋಡಿದರೂ ಸಾಕು. 305 ಮೀಟರ್‌ನ 24 ಗೇಜ್ ಕೇಬಲ್‌ನಲ್ಲಿ ತಾಮ್ರವೇ ಸುಮಾರು ನಾಲ್ಕೂವರೆ ಕೆಜಿ ಇರಬೇಕು. ಪ್ಲಾಸ್ಟಿಕ್ ತೂಕ ಬೇರೆ. ಇಡೀ ಡಬ್ಬವೇ ಅಷ್ಟು ತೂಗದಿದ್ದರೆ ಅದು ತಾಮ್ರ ಅಲ್ಲ, ಅಷ್ಟೇ.

ಸಿಸಿಎ ಕೇಬಲ್‌ನಲ್ಲೂ ಇಂಟರ್ನೆಟ್ ಬರುತ್ತದಲ್ಲ, ಮತ್ತೇನು ತೊಂದರೆ? ಪಿಒಇ ತೊಂದರೆ, ಅಂದರೆ ಡೇಟಾ ಹೋಗುವ ಕೇಬಲ್‌ನಲ್ಲೇ ಕರೆಂಟನ್ನೂ ಕಳಿಸುವುದರ ತೊಂದರೆ. ನಮ್ಮ ರೇಡಿಯೊಗಳಿಗೆ ಇದೇ ಕೇಬಲ್‌ನಲ್ಲಿ 24 ವೋಲ್ಟ್ ಹೋಗುತ್ತದೆ. ನೀಲಿ ಜೋಡಿಯಲ್ಲಿ ಪಾಸಿಟಿವ್, ಕಂದು ಜೋಡಿಯಲ್ಲಿ ನೆಗೆಟಿವ್. 60 ಮೀಟರ್ ಉದ್ದದ ಶುದ್ಧ ತಾಮ್ರದಲ್ಲಿ ಹೋಗಿ ಬರುವ ದಾರಿಯ ರೆಸಿಸ್ಟೆನ್ಸ್ ಸುಮಾರು 5 ಓಮ್. ರೇಡಿಯೊ ಅರ್ಧ ಆಂಪಿಯರ್ ಎಳೆದರೆ ದಾರಿಯಲ್ಲೇ ಎರಡೂವರೆ ವೋಲ್ಟ್ ಹೋಯಿತು. ಸಿಸಿಎ ಆದರೆ ಹೆಚ್ಚುಕಮ್ಮಿ ನಾಲ್ಕು ವೋಲ್ಟ್. ಕರೆಂಟ್ ಇದ್ದಾಗ ಇದು ಗೊತ್ತೇ ಆಗುವುದಿಲ್ಲ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಬ್ಯಾಟರಿ ಇಳಿಯುತ್ತಾ ಬರುತ್ತದೆ. ಆಗ ರೇಡಿಯೊ ಸುಮ್ನೆ ಆಫ್ ಆಗಿ ಆನ್ ಆಗಲು ಶುರು ಮಾಡುತ್ತದೆ. ಜನ ರೇಡಿಯೊ ಹಾಳಾಯಿತು ಎಂದು ಹೊಸದು ತರುತ್ತಾರೆ. ಟವರ್‌ನಲ್ಲಿ ಮೊದಲು ಇದ್ದ ಕೇಬಲ್ ತೆಗೆದು ಇದನ್ನು ಹಾಕಿದ ಮೇಲೆ ಅದೇ ಹಳೆ ರೇಡಿಯೊ, ಅದೇ ಬ್ಯಾಟರಿಯಲ್ಲಿ ತಕರಾರಿಲ್ಲದೆ ನಡೆಯಿತು.

ಹೊದಿಕೆಗೆ ಪೂರ್ತಿ ಅಂಕ ಕೊಡುತ್ತೇನೆ. ಮನೆಯೊಳಗೆ ಹಾಕುವ ಬೂದು ಬಣ್ಣದ ಪಿವಿಸಿ ಕೇಬಲ್ ಟವರ್ ಮೇಲೆ ಬಿಸಿಲಿಗೆ ಬಿರಿಯುತ್ತದೆ. ಬಗ್ಗಿಸಿದರೆ ಚೂರು ಚೂರಾಗಿ ಉದುರುತ್ತದೆ. ಕಪ್ಪು ಪಾಲಿಥಿನ್‌ನಲ್ಲಿ ಇರುವ ಕಾರ್ಬನ್ ಬಿಸಿಲನ್ನು ತಡೆಯುತ್ತದೆ. ನನ್ನ ಕೇಬಲ್‌ನ ಹೊಳಪು ಹೋಗಿದೆ, ಆದರೆ ಎಲ್ಲೂ ಬಿರುಕು ಬಿಟ್ಟಿಲ್ಲ. ಗಡುಸು ಮಾತ್ರ ಜಾಸ್ತಿ. ಸಣ್ಣ ಡಬ್ಬಿಯೊಳಗೆ ತಿರುಗಿಸಿ ಕ್ರಿಂಪ್ ಮಾಡುವಾಗ (ತುದಿಗೆ ಕನೆಕ್ಟರ್ ಒತ್ತಿ ಕೂರಿಸುವಾಗ) ಬೆರಳು ನೋಯುತ್ತದೆ. ಪಾಲಿಥಿನ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ, ಹಾಗಾಗಿ ಮನೆಯೊಳಗೆ ಉದ್ದಕ್ಕೆ ಎಳೆಯಬೇಡಿ. ಗೋಡೆ ದಾಟಿದ ತಕ್ಷಣ ಸರ್ಜ್ ಪ್ರೊಟೆಕ್ಟರ್ (ಸಿಡಿಲಿನ ಹೊಡೆತವನ್ನು ಅರ್ತ್‌ಗೆ ತಿರುಗಿಸುವ ಸಾಧನ), ಅಲ್ಲಿಂದ ಮುಂದೆ ಮಾಮೂಲಿ ಕೇಬಲ್.

ನೀರಿನ ವಿಷಯಕ್ಕೆ ಬರೋಣ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮಳೆ ಅಂತ ಎಲ್ಲರೂ ಓದಿರುತ್ತೀರಿ. ನಮ್ಮ ಕಡೆಯೂ ಮಳೆ ಜೋರು. ಇಷ್ಟು ಮಳೆಯಲ್ಲೂ ಹೊದಿಕೆಯ ಮೂಲಕ ನೀರು ಒಳಗೆ ಹೋಗಿಲ್ಲ. ಹೋಗುವುದು ತುದಿಯಿಂದ. ರೇಡಿಯೊ ಹತ್ತಿರದ ಕನೆಕ್ಟರ್ ಬಳಿ ಒಂದು ಸಣ್ಣ ಸಂದಿ ಇದ್ದರೆ ಸಾಕು. ಕೇಬಲ್ ಆಮೇಲೆ ತೋಟದ ಡ್ರಿಪ್ ಪೈಪಿನ ಹಾಗೆ ಕೆಲಸ ಮಾಡುತ್ತದೆ. ಮೇಲೆ ಸೇರಿದ ನೀರು ಕೆಳಗೆ ಮನೆಯೊಳಗಿನ ಪಿಒಇ ಅಡಾಪ್ಟರ್‌ಗೆ ಬಂದು ಇಳಿಯುತ್ತದೆ. ಕನೆಕ್ಟರ್‌ನ 4 ಮತ್ತು 5ನೇ ಪಿನ್ ಹಸಿರಾಗಿದ್ದರೆ ನೀರು ಬಂದಿದೆ ಎಂದೇ ಅರ್ಥ. ಅವು ಪಾಸಿಟಿವ್ ಪಿನ್‌ಗಳು, ಒದ್ದೆಯಾದಾಗ ಕರೆಂಟಿಗೆ ಅವೇ ಮೊದಲು ತಿಂದುಹೋಗುತ್ತವೆ.

ಪರಿಹಾರ ದುಬಾರಿಯಲ್ಲ. ರೇಡಿಯೊಗೆ ಸೇರುವ ಮೊದಲು ಕೇಬಲ್ ಕೆಳಕ್ಕೆ ಇಳಿದು ಮತ್ತೆ ಮೇಲಕ್ಕೆ ಹೋಗಬೇಕು. ನೀರು ಆ ತಿರುವಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಜೊತೆಗೆ ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಹಾಕಿ. ಮಾಮೂಲಿ ಇನ್ಸುಲೇಷನ್ ಟೇಪ್ ಒಂದೇ ಬೇಸಿಗೆಗೆ ಅಂಟು ಬಿಟ್ಟು ಜೋತಾಡುತ್ತದೆ. ಜೆಲ್ ತುಂಬಿದ ಕೇಬಲ್ ನೀರು ತಡೆಯುತ್ತದೆ ನಿಜ. ಆದರೆ ನೆಟ್ಟಗೆ ನಿಂತ ಟವರ್‌ನಲ್ಲಿ ಬಿಸಿಲಿಗೆ ಜೆಲ್ ಇಳಿದು ಕೆಳಗಿನ ಡಬ್ಬಿಯೆಲ್ಲ ಅಂಟಂಟಾಗುತ್ತದೆ. ಅದು ನೆಲದಡಿ ಹಾಕಲಿಕ್ಕೇ ಸರಿ.

ಫಾಯಿಲ್ ಮತ್ತು ಆ ಬರಿ ತಂತಿಗಾಗಿ ಹೆಚ್ಚು ದುಡ್ಡು ಕೊಟ್ಟು, ಆಮೇಲೆ ಪ್ಲಾಸ್ಟಿಕ್ ಕನೆಕ್ಟರ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಲೋಹದ ಕವಚ ಇರುವ ಆರ್‌ಜೆ45 ಕನೆಕ್ಟರ್ ಹಾಕಿ, ತಂತಿಯನ್ನು ಆ ಕವಚಕ್ಕೆ ಸೇರಿಸಬೇಕು. ಕೆಳಗಿನ ಅಡಾಪ್ಟರ್‌ನ ಮೂರನೇ ಪಿನ್‌ಗೆ ನಿಜವಾದ ಅರ್ತ್ ಇರಬೇಕು. ನಮ್ಮ ಹಳೆ ಹಂಚಿನ ಮನೆಗಳಲ್ಲಿ ಎಷ್ಟೋ ಕಡೆ ಸಾಕೆಟ್‌ಗೆ ಮೂರು ತೂತು ಇರುತ್ತದೆ, ಹಿಂದೆ ವೈರ್ ಎರಡೇ. ಟವರ್‌ಗೆ ಒಂದು ಅರ್ತ್ ಗುಂಡಿ, ಮನೆಗೆ ಇನ್ನೊಂದು ಇದ್ದರೆ ಎರಡನ್ನೂ ದಪ್ಪ ಜಿಐ ಪಟ್ಟಿಯಿಂದ ಸೇರಿಸಿ. ಇಲ್ಲದಿದ್ದರೆ ಸಿಡಿಲು ಬಿದ್ದಾಗ ಎರಡರ ನಡುವಿನ ವ್ಯತ್ಯಾಸವೆಲ್ಲ ನಿಮ್ಮ ಈಥರ್‌ನೆಟ್ ಕೇಬಲ್ ಮೂಲಕವೇ ಹರಿಯುತ್ತದೆ.

ನಾನು ಜುಲೈ ಮಳೆಗೆ ಹೆದರುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಹೆದರುತ್ತೇನೆ. ಆಗ ಗುಡ್ಡದ ಜಂಬಿಟ್ಟಿಗೆ ನೆಲ ಒಣಗಿ ಕಲ್ಲಾಗಿರುತ್ತದೆ, ಅರ್ತ್ ಸರಿಯಾಗಿ ಸಿಗುವುದಿಲ್ಲ. ಬೇಸಿಗೆಯಲ್ಲಿ ಗುಂಡಿಗೆ ನೀರು ಹುಯ್ಯುವ ಕೆಲಸವನ್ನು ಟವರ್ ಇರುವ ಜಾಗದ ಹೆಗಡೆಯವರು ತಾವಾಗಿಯೇ ವಹಿಸಿಕೊಂಡಿದ್ದಾರೆ. "ಅಡಿಕೆ ಸಸಿಗೆ ಹುಯ್ತೀನಲ್ಲ, ಇದಕ್ಕೂ ಒಂದು ಕೊಡ" ಎನ್ನುತ್ತಾರೆ. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಸರ್ಜ್ ಪ್ರೊಟೆಕ್ಟರ್ ಸುಟ್ಟು ರೇಡಿಯೊ ಉಳಿದದ್ದು ಇದೆ. ಟವರ್‌ಗೇ ಹೊಡೆದರೆ ಯಾವ ಕೇಬಲ್ಲೂ ಕಾಪಾಡುವುದಿಲ್ಲ. ಕಾಪಾಡುತ್ತದೆ ಎಂದು ಮಾರುವವರನ್ನು ನಂಬಬೇಡಿ.

ಎಳೆಯುವ ಕೆಲಸದ ಬಗ್ಗೆ ಸ್ವಲ್ಪ. ನಾಲ್ಕು ಜೋಡಿಯ ಕೇಬಲ್ ಮೇಲೆ 11 ಕೆಜಿಗಿಂತ ಹೆಚ್ಚು ಎಳೆತ ಬೀಳಬಾರದು. ಹಗ್ಗಕ್ಕೆ ಕಟ್ಟಿ ನಿಧಾನ ಎತ್ತಿ, ಮೀಟರಿಗೊಂದು ಕಪ್ಪು ಕೇಬಲ್ ಟೈ (ಪ್ಲಾಸ್ಟಿಕ್ ಕಟ್ಟು) ಹಾಕಿ, ಜೋರಾಗಿ ಬಿಗಿಯಬೇಡಿ. ಬಿಳಿ ಟೈ ಬಿಸಿಲಿಗೆ ಪಟಪಟ ಮುರಿಯುತ್ತದೆ. ಆಮೇಲೆ ಇಡೀ ಕೇಬಲ್‌ನ ಭಾರ ಮೇಲಿನ ಕನೆಕ್ಟರ್ ಮೇಲೆ ಬೀಳುತ್ತದೆ. ನಮ್ಮಲ್ಲಿ ಅಡಿಕೆ ಕೊನೆ ಇಳಿಸುವವರು ಟವರ್ ಹತ್ತಲು ಬರುತ್ತಾರೆ. ಅವರ ಹತ್ತಿರ ಬೆಲ್ಟ್ ಹಾಕಿಸುವುದೇ ದೊಡ್ಡ ಕೆಲಸ. ಹಾಕದೆ ಹತ್ತಲು ನಾನು ಬಿಡುವುದಿಲ್ಲ.

ಮಂಗಗಳಿಗೆ ಈ ಕೇಬಲ್‌ನಲ್ಲಿ ಉತ್ತರ ಇಲ್ಲ. ಕೈಗೆ ಸಿಕ್ಕಿದ್ದನ್ನು ಎಳೆದು ಜೋತಾಡುತ್ತವೆ. ಮನೆ ಮಾಡಿಗೆ ಹತ್ತಿರ ಇರುವ ಭಾಗವನ್ನು ತೋಟದ ಕಪ್ಪು ಎಚ್‌ಡಿಪಿಇ ಪೈಪಿನೊಳಗೆ ಹಾಕಿದ್ದೇನೆ. ಪೈಪಿನ ಕೆಳಬಾಯಿ ತೆರೆದಿರಲಿ, ನೀರು ನಿಲ್ಲಬಾರದು.

ಬೆಲೆ ಮಾಮೂಲಿ ಡಬ್ಬದ ಹೆಚ್ಚುಕಮ್ಮಿ ಎರಡು ಪಟ್ಟು. ಟವರ್‌ಗೆ ಕಣ್ಣು ಮುಚ್ಚಿ ಕೊಡಬಹುದು. ಮನೆಯ ಮಾಡಿನ ಮೇಲೆ ಹತ್ತು ಮೀಟರ್ ಇಳಿಸುವ ಕಡೆ ಫಾಯಿಲ್ ಇಲ್ಲದ, ಆದರೆ ಶುದ್ಧ ತಾಮ್ರದ ಕಪ್ಪು ಕೇಬಲ್ ಸಾಕು. ರೌಟರ್‌ವರೆಗಿನ ದಾರಿ ಒಟ್ಟು 100 ಮೀಟರ್ ದಾಟುವುದಿದ್ದರೆ ಈಥರ್‌ನೆಟ್ ಕೇಬಲ್ ಆಸೆಯೇ ಬೇಡ. ಅಲ್ಲಿ ಫೈಬರ್ ಎಳೆದು ಕರೆಂಟಿಗೆ ಬೇರೆ ಎರಡು ಕೋರ್ ವೈರ್ ಹಾಕುವುದು ಒಳ್ಳೆಯದು. ಲೋಹದ ತಂತಿ ಇಲ್ಲದ ಫೈಬರ್ ಆದರೆ ಸಿಡಿಲು ಅದರಲ್ಲಿ ಇಳಿಯುವುದಿಲ್ಲ. ಕರೆಂಟಿನ ವೈರ್‌ನಲ್ಲಿ ಇಳಿಯುತ್ತದೆ, ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಅಲ್ಲೂ ಬೇಕು.