ಸಾಫ್ಟ್‌ನರ್ ಹಾಕಿಸಿದರೆ ಗಾಜಿನ ಕಲೆ ಹೋಗಲ್ಲ: ದುಡ್ಡು ಕೊಡುವ ಮುಂಚೆ ಟಿಡಿಎಸ್ ನೋಡಿ

ಮೈಸೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಕಿಟಕಿ ಗಾಜು ತೊಳೆಯಲೆಂದೇ ನೀರಿನ ಪ್ಲಾಂಟ್ ಹಾಕಿಸಿದರು. ಉದ್ದ ಕೋಲಿನ ಬ್ರಷ್‌ನಲ್ಲಿ ಉಜ್ಜಿ ನೀರು ಬಿಟ್ಟರೆ ಸಾಕು, ಒರೆಸುವುದೇ ಬೇಡ ಅಂತ ಮಾರಿದವರು ಹೇಳಿದ್ದರು. ಮೊದಲ ಸಲ ತೊಳೆದು ಒಣಗಿದಾಗಲೇ ಗಾಜಿನ ತುಂಬ ಬಿಳಿ ಚುಕ್ಕೆ. ಕೆಳ ಅಂಚಿನಲ್ಲಿ ಹನಿ ನಿಂತು ಆರಿದ ಕಡೆಯೆಲ್ಲ ಉಂಗುರ. ಕೊಟ್ಟಿದ್ದು ಬರೀ ವಾಟರ್ ಸಾಫ್ಟ್‌ನರ್, ಅಂದರೆ ನೀರಿನ ಗಡಸುತನ ತೆಗೆಯುವ ಯಂತ್ರ.

ಡೆಮೊದಲ್ಲಿ ಸುಳ್ಳೇನೂ ಇರಲಿಲ್ಲ. ಟೆಸ್ಟ್ ಕಿಟ್‌ನ ಬಾಟಲಿಯಲ್ಲಿ ನಲ್ಲಿ ನೀರು ದ್ರಾಕ್ಷಿ ಕೆಂಪಾಯಿತು, ಸಾಫ್ಟ್‌ನರ್ ನೀರು ನೀಲಿಯಾಯಿತು. ಆದರೆ ಆ ಬಣ್ಣ ಹೇಳುವುದು ಗಡಸುತನವನ್ನು ಮಾತ್ರ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತೆ: 40 ಮಿಲಿಗ್ರಾಂ ಕ್ಯಾಲ್ಸಿಯಂ ಹೋದರೆ 46 ಮಿಲಿಗ್ರಾಂ ಸೋಡಿಯಂ ಬರುತ್ತೆ. ಹಾಗಾಗಿ ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣದ ಅಳತೆ) ಇಳಿಯುವುದಿರಲಿ, ಒಂದಿಷ್ಟು ಏರಲೂಬಹುದು. ನೀರು ಆರಿದ ಮೇಲೆ ಗಾಜಿನ ಮೇಲೆ ಉಳಿಯುವುದು ಈ ಲವಣವೇ. ಕೈಲಿ ಒರೆಸಿದರೆ ಸುಲಭಕ್ಕೆ ಹೋಗುತ್ತೆ ನಿಜ, ಆದರೆ ನಾಲ್ಕನೇ ಮಹಡಿಯ ಹೊರಗಾಜು ಒರೆಸೋರು ಯಾರು?

ಒರೆಸದೆ ಬಿಡಬೇಕೆಂದರೆ ನೀರಿನ ಟಿಡಿಎಸ್ 10 ಪಿಪಿಎಂ (ಲೀಟರಿಗೆ ಸುಮಾರು 10 ಮಿಲಿಗ್ರಾಂ) ಒಳಗಿರಬೇಕು, ಸೊನ್ನೆಯಾದರೆ ಇನ್ನೂ ಒಳ್ಳೆಯದು. ಅದಕ್ಕೆ ಸರಿಯಾದ ಸಾಲು ಇದು: ಮಣ್ಣು-ಮರಳು ತಡೆಯುವ ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ತೆಗೆಯುವ ಕಾರ್ಬನ್ ಫಿಲ್ಟರ್, ಹೆಚ್ಚಿನ ಲವಣ ಸೋಸುವ ಆರ್‌ಒ ಮೆಂಬ್ರೇನ್ (ತೆಳು ಪೊರೆ), ಕೊನೆಗೆ ಉಳಿದ ಲವಣವನ್ನೂ ಹಿಡಿಯುವ ಸಣ್ಣ ಮಣಿಗಳು, ಅಂದರೆ ಮಿಕ್ಸೆಡ್ ಬೆಡ್ ಡಿಐ ರೆಸಿನ್. ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ, ಕಾರ್ಬನ್ ಫಿಲ್ಟರ್ ಇಲ್ಲದಿದ್ದರೆ ಮೆಂಬ್ರೇನ್ ಹಾಳು. ಆರ್‌ಒ ಬಿಟ್ಟು ನೇರ ರೆಸಿನ್‌ಗೆ ನೀರು ಕೊಟ್ಟರೆ ಗಾಜೇನೋ ಹೊಳೆಯುತ್ತೆ, ಜೇಬು ಖಾಲಿ. 200 ಪಿಪಿಎಂ ನೀರಾದರೆ ಒಂದು ಲೀಟರ್ ರೆಸಿನ್ ಅಂದಾಜು 130–150 ಲೀಟರಿಗೇ ಮುಗಿಯುತ್ತೆ. ಆರ್‌ಒ ದಾಟಿ 20 ಪಿಪಿಎಂಗೆ ಇಳಿದಿದ್ದರೆ ಸಾವಿರ ಲೀಟರ್ ದಾಟುತ್ತೆ. ಮಂಡ್ಯದ ಕಡೆ ಬೋರ್ ನೀರಲ್ಲಿ ಸಾವಿರ ಪಿಪಿಎಂ ಸಿಕ್ಕರೂ ಆಶ್ಚರ್ಯವಿಲ್ಲ. ಅಲ್ಲಿ ಬರೀ ರೆಸಿನ್ ನಂಬಿದರೆ ಬಕೆಟ್ ಲೆಕ್ಕದಲ್ಲಿ ರೆಸಿನ್ ಖರ್ಚಾಗುತ್ತೆ. ಸಂಪ್‌ನಲ್ಲಿ ಕಾವೇರಿ, ಬೋರ್ ಎರಡೂ ಬೆರೆಯುವ ಕಡೆ ಬೋರ್ ಓಡುವ ದಿನದ ನೀರನ್ನೇ ಅಳೆದು ಲೆಕ್ಕ ಹಾಕಿ.

ಮನೆಯ ಕುಡಿಯುವ ನೀರಿನ ಆರ್‌ಒ ಸಾಕಲ್ವಾ ಅಂತ ಕೇಳುವವರಿದ್ದಾರೆ. ರುಚಿಗೆಂದು ಅದರಲ್ಲಿ ಮಿನರಲ್ ಕಾರ್ಟ್ರಿಡ್ಜೋ ಟಿಡಿಎಸ್ ಕಂಟ್ರೋಲರೋ ಇಟ್ಟು ಲವಣ ವಾಪಸ್ ಸೇರಿಸುತ್ತಾರೆ. ಅದು ಕುಡಿಯೋಕೆ ಸರಿ, ಗಾಜಿಗೆ ಆಗಲ್ಲ.

ಸಾಫ್ಟ್‌ನರ್ ಆಗಲೇ ಬಂದಾಗಿದ್ದರೆ ಎಸೆಯಬೇಡಿ, ಆರ್‌ಒಗಿಂತ ಮುಂಚೆ ಜೋಡಿಸಿ, ಮೆಂಬ್ರೇನ್‌ಗೆ ಸುಣ್ಣ ಕಟ್ಟುವುದು ತಪ್ಪುತ್ತೆ. ಹೊಸದಾಗಿ ಕೊಳ್ಳುವವರು ಡೆಮೊಗೆ ನಿಮ್ಮದೇ ಟಿಡಿಎಸ್ ಮೀಟರ್ ಒಯ್ಯಿರಿ, ಹೊರಬರುವ ನೀರಲ್ಲಿ ಅದ್ದಿ ನೋಡಿ. ಬಿಲ್‌ನಲ್ಲಿ ‘10 ಪಿಪಿಎಂ ಒಳಗೆ’ ಅಂತ ಬರೆಸಿ. ರೆಸಿನ್ ಉಪ್ಪು ಹಾಕಿ ತೊಳೆದರೆ ಮತ್ತೆ ಹೊಸದಾಗುತ್ತೆ ಅಂತ ಮಾರುವವರು ಅಂದರೆ ಮಾತು ಅಲ್ಲೇ ನಿಲ್ಲಿಸಿ. ಉಪ್ಪಿನ ಮದ್ದು ಸಾಫ್ಟ್‌ನರ್‌ಗೆ ಮಾತ್ರ. ಮಿಕ್ಸೆಡ್ ಬೆಡ್‌ಗೆ ಆಸಿಡ್, ಕಾಸ್ಟಿಕ್ ಎರಡೂ ಬೇಕು, ಮನೆಯಲ್ಲಿ ಮಾಡುವ ಕೆಲಸವಲ್ಲ.

ಎಲ್ಲ ಸರಿಯಿದ್ದು, ಮೀಟರ್ ಸೊನ್ನೆಯ ಹತ್ತಿರ ತೋರಿಸುತ್ತಿದ್ದೂ ಮಂಜು ಮಂಜಾದ ಕಲೆ ಬಂದರೆ ಸಿಲಿಕಾ (ನೀರಲ್ಲಿ ಕರಗಿರುವ ಮರಳಿನ ಅಂಶ) ಮೇಲೆ ಅನುಮಾನ ಪಡಿ. ರೆಸಿನ್ ಮುಗಿಯುತ್ತ ಬಂದಾಗ ಮೊದಲು ಜಾರುವುದು ಅದೇ, ಮೀಟರಿಗೆ ಅದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಮೀನಿನಂಥ ವಾಸನೆ ಬರತೊಡಗಿದರೆ ಮೀಟರ್ ಏನೇ ಹೇಳಲಿ, ರೆಸಿನ್ ಬದಲಿಸಿ.